ಬೀದಿಯ ಕಿರುಕುಳ ಮತ್ತು ‘ಆ ಜನ’ ಎಂಬ ಮಾತು

(ಮೈಸೂರಿನ ಉದಯಗಿರಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಸಭೆಯಲ್ಲಿ ಪ್ರಸ್ತಾಪವಾದ ಹುಡುಗಿಯ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದೆ.)



ನಿಮ್ಮ ಸಂಘದ ಪ್ರತಿನಿಧಿ ನನಗೆ ಫೋನು ಮಾಡಿದಾಗ, “ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ಒಂದರ್ಧ ಗಂಟೆ ಮಾತಾಡಿ ಮೇಡಂ” ಎಂದಷ್ಟೇ ಹೇಳಿದ್ದರು. ಸರಿ ಎಂದು ಒಪ್ಪಿಕೊಂಡೆ. ಕಾನೂನಿನ ಕಲಂಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡು ಬಂದೆ. ಇಲ್ಲಿ ಬಂದು ಚಾಪೆಯ ಮೇಲೆ ಕೂತು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ನನಗೆ ಗೊತ್ತಾದದ್ದು ಬೇರೆ. ನಿಮ್ಮ ನಡಾವಳಿ ಪುಸ್ತಕದಲ್ಲಿ ಇವತ್ತು ಒಂದು ಠರಾವು ಬರೆಯಬೇಕೆಂದು ಮಾತಾಗಿದೆಯಂತೆ. ಪಿಯುಸಿ ಎರಡನೇ ವರ್ಷ ಓದುತ್ತಿರುವ ಒಬ್ಬ ಹುಡುಗಿಯನ್ನು ತಿಂಗಳಿನಿಂದ ಯಾರೋ ಹಿಂಬಾಲಿಸುತ್ತಿದ್ದಾರೆ. ಅವಳ ಅಪ್ಪ ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದಾರೆ, ವರನನ್ನೂ ನೋಡುತ್ತಿದ್ದಾರೆ. ಇದಕ್ಕೆಲ್ಲ ಕಾರಣ ಹಿಂದಿನ ಬೀದಿಯ ಬಾಡಿಗೆ ಕೋಣೆಗಳಲ್ಲಿ ಇರುವ ಬಿಹಾರದ ಹುಡುಗರು, ಪೇಂಟಿಂಗ್ ಕೆಲಸಕ್ಕೆ ಬಂದವರು; ಆ ಜನಕ್ಕೆ ಇನ್ನು ಮುಂದೆ ಯಾರೂ ಮನೆ ಬಾಡಿಗೆಗೆ ಕೊಡಬಾರದು ಎಂದು ಮನೆ ಮಾಲೀಕರಿಗೆ ಸಂಘದಿಂದ ಹೇಳಬೇಕು. ಠರಾವು ಇದೇ ತಾನೆ?

ಹಾಗಾದರೆ ನನ್ನ ಹಾಳೆಯನ್ನು ಮಡಿಸಿ ಚೀಲದಲ್ಲಿ ಇಡುತ್ತೇನೆ. ಕಾನೂನಿನ ಮಾತು ಆಮೇಲೆ ಆಡೋಣ. ಮೊದಲು ನನ್ನದೇ ಒಂದು ಕಥೆ ಹೇಳುತ್ತೇನೆ. ಇದನ್ನು ನಾನು ತರಗತಿಯಲ್ಲಿ ಹೇಳಿದವಳಲ್ಲ. ಮೂವತ್ತೈದು ವರ್ಷ ಹೆಣ್ಣುಮಕ್ಕಳಿಗೆ ಕನ್ನಡ ಪಾಠ ಹೇಳಿದರೂ ಬಾಯಿಗೆ ಬರಲಿಲ್ಲ.

1986ರ ಮಾತು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಸಂಜೆ ಐದೂವರೆಯ ಹೊತ್ತು, ಊರೊಳಗಿನಿಂದ ಈ ಕಡೆಗೆ ಬರುವ ಬಸ್ಸು. ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಕೈ ಮೇಲಿನ ಸರಳಿಗೆ. ಹಿಂದಿನಿಂದ ಯಾರೋ ಸೊಂಟಕ್ಕೆ ಕೈ ಹಾಕಿದರು. ಬಸ್ಸಿನ ಕುಲುಕಾಟ ಇರಬಹುದೆಂದು ಸರಿದು ನಿಂತೆ. ಮತ್ತೆ ಹಾಗೆಯೇ ಆಯಿತು. ಮೂರನೇ ಸಲ ತಿರುಗಿ ನೋಡಿದೆ. ನನ್ನ ಹಿಂದೆ ಮೂರು ಜನ. ಒಬ್ಬರು ಸಫಾರಿ ಹಾಕಿದ ನಡುವಯಸ್ಸಿನವರು, ಕೈಯಲ್ಲಿ ಬ್ರೀಫ್‌ಕೇಸು, ಹಣೆಯಲ್ಲಿ ಕುಂಕುಮ. ಇನ್ನೊಬ್ಬರು ಒಬ್ಬ ಅಜ್ಜ. ಮೂರನೆಯವನು ಹತ್ತೊಂಬತ್ತಿಪ್ಪತ್ತರ ಹುಡುಗ, ಲುಂಗಿ, ತಲೆಗೆ ಟೋಪಿ, ಕಂಕುಳಲ್ಲಿ ಊದುಬತ್ತಿಯ ಗಂಟು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಆ ಹುಡುಗನ ಕೆನ್ನೆಗೆ ಹೊಡೆದೆ.

ಹೆಣ್ಣು ಹೊಡೆದಳೆಂದರೆ ಬಸ್ಸಿನಲ್ಲಿ ಶೂರರು ಎದ್ದು ನಿಲ್ಲುತ್ತಾರೆ, ನಿಮಗೂ ಗೊತ್ತು. ನಾಲ್ಕು ಜನ ಸೇರಿ ಅವನನ್ನು ಬಡಿದರು. ಅಂಗಿ ಹರಿಯಿತು, ಗಂಟು ಬಿಚ್ಚಿ ಊದುಬತ್ತಿಯೆಲ್ಲ ಜನರ ಕಾಲಡಿ ಪುಡಿಯಾಯಿತು. ಅವನು ಏನೋ ಹೇಳುತ್ತಿದ್ದ, ಯಾರಿಗೂ ಕೇಳಿಸಲಿಲ್ಲ. ಮುಂದಿನ ನಿಲ್ದಾಣದಲ್ಲಿ ದಬ್ಬಿ ಇಳಿಸಿದರು. ಸಫಾರಿಯವರು, “ಈ ಜನವೇ ಇಷ್ಟು ಮೇಡಂ, ನೀವು ಸರಿಯಾಗಿ ಮಾಡಿದಿರಿ” ಎಂದು ನನಗೆ ಹೇಳಿದರು. ನಾನು ಥ್ಯಾಂಕ್ಸ್ ಕೂಡ ಹೇಳಿದೆ.

ನಾನು ಇಳಿದಾಗ ಹಿಂದೆಯೇ ಒಬ್ಬ ಹೂವಿನ ಬುಟ್ಟಿಯ ಹೆಂಗಸು ಇಳಿದಳು. ನನ್ನನ್ನು ಕರೆದು, “ಅವನಲ್ಲ ಕಣವ್ವ, ಆ ಸೂಟ್‌ಕೇಸ್‌ನವನು. ನಂಗೂ ಹಂಗೇ ಮಾಡ್ದ” ಎಂದಳು. “ಆಗಲೇ ಯಾಕೆ ಹೇಳಲಿಲ್ಲ?” ಎಂದೆ. “ನೀವು ಹೊಡ್ದಾಗಿತ್ತಲ್ಲ. ಓದಿದೋರು ಹೊಡ್ದ ಮೇಲೆ ಹೂವ್ನೋಳು ಅಲ್ಲ ಅಂದ್ರೆ ಯಾರು ಕೇಳ್ತಾರೆ” ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಆ ಸಂಜೆ ನನಗೆ ಕಿರುಕುಳ ಆದದ್ದು ನಿಜ. ಅದರಲ್ಲಿ ಸುಳ್ಳಿಲ್ಲ. ನನ್ನ ಸಿಟ್ಟೂ ನ್ಯಾಯವಾದದ್ದೇ. ಆದರೆ ಅಪರಾಧ ಮಾಡಿದವನು ನನ್ನಿಂದ ಶಹಭಾಸ್‌ಗಿರಿ ಪಡೆದು, ಮನೆಗೆ ಹೋಗಿ ಕೈಕಾಲು ತೊಳೆದು ಕಾಫಿ ಕುಡಿದ. ಬಹುಶಃ ಮರುದಿನ ಅದೇ ಬಸ್ಸು ಹತ್ತಿದ. ಅವನನ್ನು ಕಾಪಾಡಿದ್ದು ಯಾವುದು? ಪೊಲೀಸರಲ್ಲ, ದುಡ್ಡಲ್ಲ. ನನ್ನ ತಲೆಯೊಳಗೆ ಮೊದಲೇ ಕೂತಿದ್ದ ಒಂದು ಚಿತ್ರ. ಆ ಹುಡುಗ ಯಾವ ಬೀದಿಯವನೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಸುತ್ತಿನಲ್ಲಿ ಊದುಬತ್ತಿ ಹೊಸೆಯುವ ಮನೆಗಳ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ಕಾಲು ತಡೆಯುತ್ತದೆ. ಅವನಿಗೂ ಈಗ ಅರವತ್ತರ ಹತ್ತಿರ ವಯಸ್ಸಾಗಿರಬೇಕು.

ನಿಮ್ಮ ಠರಾವಿನ ವಿಷಯ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವನ ಹರಿದ ಅಂಗಿ.

ಈ ಕಿರುಕುಳಕ್ಕೆ ನಮ್ಮಲ್ಲಿ ಇರುವ ಮಾತುಗಳನ್ನೇ ನೋಡಿ. ಚುಡಾಯಿಸುವುದು, ರೇಗಿಸುವುದು, ಕೀಟಲೆ. ಮಾವ ಸೊಸೆಮಗುವನ್ನು ರೇಗಿಸುತ್ತಾನೆ, ಅಣ್ಣ ತಂಗಿಗೆ ಕೀಟಲೆ ಮಾಡುತ್ತಾನೆ. ಅದೇ ಮಾತನ್ನು ತಂದು ಇದಕ್ಕೂ ಇಟ್ಟಿದ್ದೇವೆ. ಪತ್ರಿಕೆಗಳು ಬಹಳ ಕಾಲ ‘ಈವ್ ಟೀಸಿಂಗ್’ ಎಂದು ಬರೆದವು. ಅದೂ ಆಟದ ಮಾತೇ. 1998ರಲ್ಲಿ ಚೆನ್ನೈಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿ ಈ ‘ಆಟ’ದಲ್ಲಿ ಪ್ರಾಣ ಕಳೆದುಕೊಂಡಳು. ಆಮೇಲೆಯೇ ತಮಿಳುನಾಡು ಸರ್ಕಾರ ಇದರ ವಿರುದ್ಧ ಒಂದು ಪ್ರತ್ಯೇಕ ಕಾನೂನು ತಂದದ್ದು. ಬೆಂಗಳೂರಿನಲ್ಲಿ ಜಾಸ್ಮೀನ್ ಪಥೇಜಾ ಎಂಬ ಕಲಾವಿದೆ 2003ರಲ್ಲಿ, ಆಗಿನ್ನೂ ವಿದ್ಯಾರ್ಥಿನಿಯಾಗಿದ್ದಾಗ, ‘ಬ್ಲ್ಯಾಂಕ್ ನಾಯ್ಸ್’ ಎಂಬ ಕೆಲಸ ಶುರುಮಾಡಿದರು. ಬೀದಿಯಲ್ಲಿ ಆಗುವುದನ್ನು ಕೀಟಲೆ ಎನ್ನುವುದನ್ನು ಬಿಡಿ, ಅದು ಹಿಂಸೆ ಎನ್ನಿ ಎಂಬುದು ಅವರ ಹಟವಾಗಿತ್ತು. ಹೆಸರು ಬದಲಾದರೆ ಎಲ್ಲವೂ ಬದಲಾಗುತ್ತದೆಂದು ನಾನು ನಂಬುವವಳಲ್ಲ. ಆದರೆ ಠಾಣೆಗೆ ಹೋಗಿ “ಚುಡಾಯಿಸಿದ ಸಾರ್” ಎಂದರೆ ಪೇದೆ ನಗುತ್ತಾನೆ. “ಹಿಂಬಾಲಿಸಿದ, ಮೈ ಮುಟ್ಟಿದ” ಎಂದರೆ ಪೆನ್ನು ಹುಡುಕುತ್ತಾನೆ. ಅಷ್ಟು ವ್ಯತ್ಯಾಸವಂತೂ ಇದೆ.

ಈಗ ‘ಆ ಜನ’ ಎಂಬ ಮಾತಿಗೆ ಬರುತ್ತೇನೆ. ಯಾರು ಆ ಜನ? ಸರಸ್ವತಿಪುರಂನಲ್ಲಿ, ಕುವೆಂಪುನಗರದಲ್ಲಿ ಕೇಳಿದರೆ, ತಪ್ಪು ತಿಳಿಯಬೇಡಿ, ನೀವೇ ಆ ಜನ. “ಉದಯಗಿರಿಗೆ ಒಬ್ಬರೇ ಹೋಗ್ತೀರಾ ಮೇಡಂ?” ಎಂದು ಇವತ್ತು ಬೆಳಗ್ಗೆ ನಮ್ಮ ಪಕ್ಕದ ಮನೆಯವರು ಕೇಳಿದರು. 2009ರ ಗಲಭೆಯಾದಾಗಲೂ ಹಾಗೆ, 2025ರ ಫೆಬ್ರವರಿಯಲ್ಲಿ ನಿಮ್ಮ ಪೊಲೀಸ್ ಠಾಣೆಗೆ ಕಲ್ಲು ತೂರಿದಾಗಲೂ ಹಾಗೆ. ಕಲ್ಲು ಎಸೆದ ಕೈಗಳು ಎಷ್ಟೋ, ಹೆಸರು ಕೆಟ್ಟದ್ದು ಇಡೀ ಬಡಾವಣೆಗೆ. ಆ ತಿಂಗಳು ನಿಮ್ಮಲ್ಲಿ ಮನೆಗೆಲಸಕ್ಕೆ ಹೋಗುವವರಿಗೆ, ಟೈಲರಿಂಗ್ ಆರ್ಡರ್ ತರುವವರಿಗೆ ಎಂಥೆಂಥ ಪ್ರಶ್ನೆ ಎದುರಾಯಿತು ಎಂದು ಈಗ ಚಹಾ ಕುಡಿಯುವಾಗ ನೀವೇ ಹೇಳಿದಿರಿ. ಹೇಳುವಾಗ ನಿಮ್ಮ ಗಂಟಲು ಕಟ್ಟಿತ್ತು. ಅದಾಗಿ ಹತ್ತು ನಿಮಿಷಕ್ಕೆ ಬಿಹಾರದ ಹುಡುಗರ ವಿಷಯ ಬಂತು. ಆಗ ಅದೇ ಬಾಯಿಯಲ್ಲಿ ಅದೇ ಮಾತು. ನಿಮ್ಮನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ನಾನು ಬಸ್ಸಿನಲ್ಲಿ ಮಾಡಿದ್ದೂ ಅದನ್ನೇ.

ನಮ್ಮ ಊರಿನದೇ ಒಂದು ಪ್ರಕರಣ ನೆನಪಿಸಿಕೊಳ್ಳಿ. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಹೊರ ರಾಜ್ಯದ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನನ್ನೂ ಹೊಡೆದು ಹಾಕಿದ್ದರು. ಇಡೀ ಊರು ತಲ್ಲಣಿಸಿತು. ಮುಂದಿನ ಮೂರು ನಾಲ್ಕು ದಿನ ಈ ಊರಿನ ಬಾಯಲ್ಲಿ ಏನೇನು ಬಂತು? ಕೇರಳದ ವಿದ್ಯಾರ್ಥಿಗಳಂತೆ ಎಂದು ಸುದ್ದಿ ಹಬ್ಬಿತು. ಕೆಲವರು ಅವರ ಧರ್ಮವನ್ನೂ ತಾವೇ ತೀರ್ಮಾನಿಸಿಬಿಟ್ಟರು. ಆಗಿನ ಗೃಹ ಸಚಿವರು, ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು ಎಂಬ ಅರ್ಥದ ಮಾತಾಡಿ, ವಿರೋಧ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ನಾನು ಓದಿದ ಮೈಸೂರು ವಿಶ್ವವಿದ್ಯಾಲಯವೋ, ಸಂಜೆ ಆರೂವರೆಯ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಾರದು ಎಂದು ಸುತ್ತೋಲೆ ಹೊರಡಿಸಿತು. ಆಮೇಲೆ ವಾಪಸು ಪಡೆಯಿತು. ಕಡೆಗೆ ಆಗಸ್ಟ್ 28ಕ್ಕೆ ಪೊಲೀಸರು ಹಿಡಿದದ್ದು ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಕೂಲಿಗಳನ್ನು. ಅಲ್ಲಿಗೆ ಕೇರಳದ ವಿದ್ಯಾರ್ಥಿಗಳ ಬಳಿ ಯಾರಾದರೂ ಕ್ಷಮೆ ಕೇಳಿದರೆ? ಇಲ್ಲ. ಬದಲಿಗೆ ತಮಿಳು ಕೂಲಿಗಳೇ ಹೀಗೆ ಎಂದು ಹೊಸ ಮಾತು ಶುರುವಾಯಿತು. ಒಂದು ಜನದಿಂದ ಇನ್ನೊಂದು ಜನಕ್ಕೆ ಬೊಟ್ಟು ತಿರುಗಿತು. ಹುಡುಗಿಯರ ಮೇಲಿನ ಕಟ್ಟಳೆ ಮಾತ್ರ ಎಲ್ಲ ಸಲವೂ ಒಂದೇ: ಮನೆಯಲ್ಲಿರಿ.

ಕೂಲಿಗಳು ಹಿಡಿಯಲ್ಪಟ್ಟರಲ್ಲ, ಹಾಗಾದರೆ ಕೂಲಿಗಳ ಬಗ್ಗೆ ಭಯ ಸರಿಯೇ ಅಲ್ಲವೇ ಎಂದು ನೀವು ಕೇಳಬಹುದು. ಹಾಗಾದರೆ ಇನ್ನೊಂದು ಪ್ರಕರಣ ಹೇಳುತ್ತೇನೆ. 1988ರ ಜುಲೈನಲ್ಲಿ ಚಂಡೀಗಢದಲ್ಲಿ ಒಂದು ದೊಡ್ಡವರ ಔತಣಕೂಟ. ಅಲ್ಲಿ ರೂಪನ್ ದೇವಲ್ ಬಜಾಜ್ ಎಂಬ ಐಎಎಸ್ ಅಧಿಕಾರಿಯ ಹಿಂಭಾಗಕ್ಕೆ ಎಲ್ಲರೆದುರಿಗೆ ಬಡಿದವರು ಯಾರು ಗೊತ್ತೇ? ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್. ದೊಡ್ಡ ಹೆಸರು, ಶೂರರೆಂಬ ಖ್ಯಾತಿ. ಆಕೆ ಬಿಡಲಿಲ್ಲ. 1996ರಲ್ಲಿ ಚಂಡೀಗಢದ ನ್ಯಾಯಾಲಯ ಗಿಲ್ ತಪ್ಪಿತಸ್ಥರೆಂದು ಹೇಳಿತು, 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹದಿನೇಳು ವರ್ಷ ಹಿಡಿಯಿತು, ಅದು ಬೇರೆ ದುಃಖ. ನಾನು ಕೇಳುವುದಿಷ್ಟು: ಆ ತೀರ್ಪು ಬಂದ ಮೇಲೆ “ಪೊಲೀಸ್ ಮುಖ್ಯಸ್ಥರಿಗೆ ಮನೆ ಬಾಡಿಗೆಗೆ ಕೊಡಬೇಡಿ” ಎಂದು ಯಾರಾದರೂ ಠರಾವು ಮಾಡಿದರೇ? ದೊಡ್ಡವರು ಮಾಡಿದರೆ ಅದು ಒಬ್ಬ ಮನುಷ್ಯನ ತಪ್ಪು. ಬಡವ, ಪರಊರಿನವ, ಬೇರೆ ಧರ್ಮದವ ಮಾಡಿದರೆ ಅದು ಜನದ ಗುಣ. ಈ ಲೆಕ್ಕ ಯಾರು ಬರೆದದ್ದು?

2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯ ಗುಂಪಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ಸುದ್ದಿ ಬಂತಲ್ಲ, ಆಗಿನ ಗೃಹ ಸಚಿವರೂ ಪಾಶ್ಚಾತ್ಯ ಉಡುಪು, ಪಾಶ್ಚಾತ್ಯ ಮನೋಭಾವ ಎಂದರು. ಅದೇ ಇರುಳು ಕಮ್ಮನಹಳ್ಳಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಹುಡುಗಿಯನ್ನು ಸ್ಕೂಟರಿನಲ್ಲಿ ಬಂದು ಹಿಡಿದು ಎಳೆದವರು ಎಲ್ಲಿಂದಲೋ ಬಂದವರಲ್ಲ, ಅದೇ ಸುತ್ತಮುತ್ತಲಿನವರು ಎಂದು ಪೊಲೀಸರು ಹೇಳಿದರು. ಒಂದು ಮನೆಯವರು ತಮ್ಮ ಕ್ಯಾಮೆರಾದ ಚಿತ್ರ ಕೊಟ್ಟಿದ್ದರಿಂದ ಅದು ಹೊರಬಂತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಜನಾಂಗದ ಹಣೆಪಟ್ಟಿ ಗಂಡಸರಿಗೆ ಮಾತ್ರ ಅಂಟುವುದಿಲ್ಲ. ನಮಗೂ ಅಂಟುತ್ತದೆ, ನಮಗೆ ಅಂಟಿದ್ದು ನಮ್ಮ ಮೇಲೆ ಕೈ ಹಾಕಲು ಪರವಾನಗಿಯಾಗುತ್ತದೆ. ಗಾರ್ಮೆಂಟ್ಸ್ ಹುಡುಗಿಯರು ಹೀಗೆ, ನರ್ಸುಗಳು ಹೀಗೆ, ರಾತ್ರಿ ಪಾಳಿಯವರು ಹೀಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ನಮಗೆ ಬಸ್ಸು ಉಚಿತವಾಯಿತಲ್ಲ, ಅಂದಿನಿಂದ ‘ಫ್ರೀ ಬಸ್ ಹೆಂಗಸರು’ ಎಂದು ಒಂದು ಹೊಸ ಜಾತಿಯೇ ಹುಟ್ಟಿದೆ. “ಮನೆ ಬಿಟ್ಟು ಸುತ್ತೋಕೆ ಹೊರಟವರು” ಎಂದು ನಗೆಚಾಟಿಕೆ. ಸುತ್ತೋಕೆ ಹೊರಟವಳೆಂದು ಒಪ್ಪಿಯಾದ ಮೇಲೆ ಮೈ ತಾಗಿಸಿದರೆ ತಪ್ಪೇನು ಎಂಬ ಧೈರ್ಯ ಅವನಿಗೆ ಬರುತ್ತದೆ. 2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದರ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ ನಡೆದು ಬಂದ ಬುರ್ಖಾ ಹಾಕಿದ ಹುಡುಗಿಯನ್ನು ಕೇಸರಿ ಶಾಲಿನ ಹುಡುಗರ ಗುಂಪು ಕೂಗುತ್ತಾ ಹಿಂಬಾಲಿಸಿದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಅದನ್ನು ಧರ್ಮದ ಜಗಳ, ಸಮವಸ್ತ್ರದ ವಿವಾದ ಎಂದರು. ನನ್ನ ಕಣ್ಣಿಗೆ ಮೊದಲು ಕಂಡದ್ದು, ಒಬ್ಬಳೇ ಹುಡುಗಿ, ಸುತ್ತ ಗಂಡುಹುಡುಗರ ಹಿಂಡು.

ಬುರ್ಖಾ ಹಾಕಿದರೆ ಯಾರೂ ತಂಟೆಗೆ ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಅದಕ್ಕೆ ಆ ಮೂಲೆಯಲ್ಲಿ ಕೂತಿರುವ ಆಪಾ ನಕ್ಕರಲ್ಲ, ಆ ನಗುವೇ ನನಗೆ ಉತ್ತರ. ಸೀರೆ ಉಟ್ಟವಳಿಗೂ ಆಗಿದೆ, ಸ್ಕೂಲ್ ಯೂನಿಫಾರಂಗೂ ಆಗಿದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಜನದ ಹೆಸರು ಹಿಡಿದು ಬೈಯಬಾರದು ಎಂದೆನಲ್ಲ, ಇದನ್ನೇ ತಿರುಗಿಸಿ ಹೆಣ್ಣಿನ ಬಾಯಿ ಮುಚ್ಚಿಸುವವರೂ ಇದ್ದಾರೆ. “ಪೊಲೀಸಿಗೆ ಹೋಗಬೇಡ, ಮೊದಲೇ ನಮ್ಮ ಕೋಮಿಗೆ ಕೆಟ್ಟ ಹೆಸರು, ಇನ್ನೂ ಕೆಡಿಸಬೇಡ” ಎನ್ನುತ್ತಾರೆ. ನಿಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ನನ್ನ ಸಂಬಂಧಿಕರ ಒಂದು ಮನೆಯಲ್ಲಿ ಎಲ್ಲರೂ ಕಾಲಿಗೆ ಬೀಳುವ ಹಿರಿಯರೊಬ್ಬರ ಕೈಚಳಕವನ್ನು ಮೂರು ತಲೆಮಾರಿನ ಹೆಣ್ಣುಮಕ್ಕಳು ನುಂಗಿಕೊಂಡಿದ್ದಾರೆ, ಮನೆತನದ ಹೆಸರಿಗಾಗಿ. ಅಲ್ಲಿಗೆ ಕೋಮಿನ ಮಾನವೂ ಮನೆತನದ ಮಾನವೂ ಒಂದೇ ಮಾರಿ. ಎರಡಕ್ಕೂ ಬಲಿ ಹೆಣ್ಣಿನ ನಾಲಿಗೆ.

ನಮ್ಮ ಜನದ ಹೆಣ್ಣನ್ನು ಕಾಯುತ್ತೇವೆ ಎಂದು ಹೊರಡುವ ಕಾವಲುಗಾರರ ವಿಷಯವೂ ಅಷ್ಟೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರು ಸಂಸ್ಕೃತಿ ಕಾಯಲು ಬಂದವರಂತೆ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ ಬೇರೆ ಧರ್ಮದ ಗೆಳೆಯನೊಂದಿಗೆ ಇದ್ದ ಮುಸ್ಲಿಂ ಹೆಣ್ಣುಮಗಳೊಬ್ಬಳನ್ನು ಅವಳದೇ ಧರ್ಮದ ಗುಂಪು ವಸತಿಗೃಹಕ್ಕೆ ನುಗ್ಗಿ ಹೊಡೆಯಿತು. ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರೆಂದು ಅವಳು ದೂರು ಕೊಟ್ಟಳು. 2025ರ ಮೇನಲ್ಲಿ ಅದರ ಆರೋಪಿಗಳು ಜಾಮೀನು ಸಿಕ್ಕಿತೆಂದು ಅಕ್ಕಿಆಲೂರಿನಲ್ಲಿ ಮೆರವಣಿಗೆ ಮಾಡಿಕೊಂಡರು. ಕಾಯಲು ಬಂದವರ ಕೈ ಯಾರ ಮೇಲೆ ಬಿತ್ತು ನೋಡಿ. ಆ ಹೆಣ್ಣುಮಗಳು ಕೋಮಿನ ಮಾನ ನೋಡದೆ ದೂರು ಕೊಟ್ಟಳು. ಅವಳು ಕೋಮಿನ ವಿರುದ್ಧ ದೂರಲಿಲ್ಲ, ಇಂತಿಂಥ ಮನುಷ್ಯರು ತನಗೆ ಇಂತಿಂಥದ್ದು ಮಾಡಿದರು ಎಂದು ಹೇಳಿದಳು.

“ಮೇಡಂ, ಹಾಗಾದರೆ ಗಂಡಸರೆಲ್ಲ ಹೀಗೇ ಅನ್ನುವುದೂ ತಪ್ಪಲ್ಲವೇ?” ಎಂದು ಅಲ್ಲಿಂದ ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ, ಅಡ್ಡಪ್ರಶ್ನೆಯಲ್ಲ. ಗಂಡಸರೆಲ್ಲ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಖಾಲಿ ಬೀದಿಯಲ್ಲಿ ಎದುರಿನಿಂದ ಗಂಡಸೊಬ್ಬ ಬಂದರೆ ನಾನು ಈ ಕಡೆಯಿಂದ ಆ ಕಡೆಗೆ ದಾಟುತ್ತೇನೆ. ಅವನು ಒಳ್ಳೆಯವನೇ ಇರಬಹುದು. ನಾನು ದಾಟಿದ್ದರಿಂದ ಅವನ ಅನ್ನ ಹೋಗಲಿಲ್ಲ, ಮನೆ ಹೋಗಲಿಲ್ಲ, ಅಂಗಿ ಹರಿಯಲಿಲ್ಲ. ಅದು ಎಚ್ಚರಿಕೆ. ಯಾರೂ ಅದಕ್ಕಾಗಿ ನಾಚಬೇಕಿಲ್ಲ. ಒಬ್ಬನನ್ನು ಹಿಡಿದು ಹೊಡೆಯುವುದು, ಒಂದು ಇಡೀ ಗುಂಪಿಗೆ ಸೂರು ಇಲ್ಲದಂತೆ ಮಾಡುವುದು ತೀರ್ಪು. ತೀರ್ಪು ಕೊಡಬೇಕಾದರೆ ಯಾರು ಏನು ಮಾಡಿದರೆಂದು ಗೊತ್ತಿರಬೇಕು.

ಇದೂ ಪೂರ್ತಿ ಸರಳವಲ್ಲ, ಯಾಕೆಂದರೆ ನಮ್ಮ ಎಚ್ಚರಿಕೆಗೂ ಯಾರೋ ಪಾಠ ಹೇಳಿಕೊಟ್ಟಿರುತ್ತಾರೆ. ನಾನು ಇಲ್ಲಿಗೆ ಬರುವಾಗ ಆಟೋದಲ್ಲಿ ಕೈಚೀಲ ಬಿಗಿ ಹಿಡಿದಿದ್ದೆ. ಹೋದ ತಿಂಗಳು ಒಂದು ಮದುವೆಯಲ್ಲಿ ಹಳೆಯ ಪರಿಚಯದವರೊಬ್ಬರು, ಬಹಳ ಓದಿದವರು, ಆಶೀರ್ವಾದದ ನೆಪದಲ್ಲಿ ವಧುವಿನ ಗೆಳತಿಯರ ಭುಜ ಬೆನ್ನು ಸವರುತ್ತಿದ್ದರು. ಅಲ್ಲಿ ನನಗೆ ಯಾವ ಎಚ್ಚರಿಕೆಯೂ ಹುಟ್ಟಲಿಲ್ಲ. ಆ ಹುಡುಗಿಯರೇ ಒಬ್ಬೊಬ್ಬರಾಗಿ ಎದ್ದು ಊಟದ ಮನೆಗೆ ಹೋದಾಗ ಹೊಳೆಯಿತು. ಸರ್ಕಾರದ ಅಪರಾಧ ದಾಖಲೆಗಳಲ್ಲಿ ಅತ್ಯಾಚಾರದ ಪ್ರಕರಣಗಳನ್ನು ನೋಡಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿರುವವನೇ. ಹೆಣ್ಣಿನ ಮೇಲಿನ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಮೂರರಲ್ಲಿ ಒಂದರ ಹತ್ತಿರ, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಪರಊರಿನವನಿಗೆ ಹೆದರಿ ಕೂತವರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಇದೇ ಕಾರಣಕ್ಕೆ ಆ ಹುಡುಗಿಯ ಮದುವೆಯ ಮಾತು ನನ್ನನ್ನು ಹೆಚ್ಚು ಹೆದರಿಸುತ್ತದೆ. ಬೀದಿಯಲ್ಲಿ ಹಿಂಬಾಲಿಸಿದವನಿಂದ ತಪ್ಪಿಸಲು ಒಂದು ಗುರುತಿಲ್ಲದ ಮನೆಗೆ ತಳ್ಳುತ್ತಿದ್ದೇವೆ. ಹುಡುಗಿಗೆ ತೊಂದರೆಯಿದೆ, ಬೇಗ ಮುಗಿಸಬೇಕು ಎಂದು ಗೊತ್ತಾದರೆ ಗಂಡಿನ ಕಡೆಯವರು ಕೇಳುವ ದುಡ್ಡು ಕಡಿಮೆಯಾಗುವುದಿಲ್ಲ, ಏರುತ್ತದೆ. ಆ ಸಾಲಕ್ಕೆ ಅರ್ಜಿ ಬರುವುದೂ ಇದೇ ಸಂಘಕ್ಕೆ. ಅವಳಿಗೆ ಇನ್ನೂ ಹದಿನೇಳು. ಹದಿನೆಂಟು ತುಂಬುವ ಮುಂಚೆ ಮದುವೆ ಮಾಡಿದರೆ ಅದು ಅಪರಾಧ, ನಮ್ಮ ರಾಜ್ಯದಲ್ಲಿ ಅಂಥ ಮದುವೆಗೆ ಕಾನೂನಿನ ಬೆಲೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನು ಮಾಡಬಹುದು. ಅವಳ ಅಪ್ಪನಿಗೆ ಇದನ್ನು ಬೆದರಿಕೆಯಾಗಿ ಹೇಳಬೇಡಿ. ಅವರೂ ಹೆದರಿದ್ದಾರೆ. ಸಂಘದ ಹಿರಿಯರು ಇಬ್ಬರು ಹೋಗಿ ಕೂತು ಮಾತಾಡಿ.

ನಾನು ಬಂದ ಕೂಡಲೇ ಕೇಳಿದ್ದು, ಆ ಹುಡುಗಿಯನ್ನು ಯಾರಾದರೂ ಕೇಳಿದಿರಾ ಎಂದು. ಯಾರೂ ಕೇಳಿರಲಿಲ್ಲ. ಅಮ್ಮನ ಜೊತೆ ಅವಳು ಇಲ್ಲಿಗೆ ಬಂದಿದ್ದಳು. ಒಳಕೋಣೆಯಲ್ಲಿ ಹತ್ತು ನಿಮಿಷ ಮಾತಾಡಿಸಿದೆ. ಅವಳು ಅಳಲಿಲ್ಲ. ಬೈಕಿನ ಬಣ್ಣ ಹೇಳಿದಳು, ನಂಬರಿನ ಕೊನೆಯ ಎರಡು ಅಂಕಿ ಹೇಳಿದಳು, ಯಾವ ದಿನ ಯಾವ ತಿರುವಿನಲ್ಲಿ ಅಡ್ಡ ಹಾಕಿದರು ಎಂದು ಹೇಳಿದಳು, ಅವರು ಆಡಿದ ಮಾತನ್ನೂ ಹೇಳಿದಳು. ಮಾತು ಕನ್ನಡ ಮತ್ತು ಇಲ್ಲಿನ ಉರ್ದು ಬೆರೆತದ್ದು. ಕೋಣೆಯ ಹುಡುಗರಿಗೆ ಬೈಕಿದೆಯೇ? ಇಲ್ಲ ಎಂದು ನೀವೇ ಹೇಳಿದಿರಿ, ಬಣ್ಣದ ಡಬ್ಬ ಹಿಡಿದು ನಡೆದು ಹೋಗುತ್ತಾರಂತೆ. ಅವಳು ಯಾರ ಹೆಸರನ್ನಾದರೂ ಹೇಳಿದಳೇ ಎಂದು ನನ್ನನ್ನು ಕೇಳಬೇಡಿ. ಆ ಹೆಸರು ಇಲ್ಲಿ ಚಾಪೆಯ ಮೇಲೆ ಬೀಳಬೇಕಾದದ್ದಲ್ಲ. ಬಿದ್ದರೆ ಇನ್ನೊಂದು ಅಂಗಿ ಹರಿಯುತ್ತದೆ, ಬಹುಶಃ ಇನ್ನೊಂದು ಮನೆಯ ಕಿಟಕಿಯೂ ಒಡೆಯುತ್ತದೆ. ಅದು ಹೋಗಬೇಕಾದದ್ದು ದೂರಿಗೆ.

ಈಗ ಚೀಲದಿಂದ ಹಾಳೆ ತೆಗೆಯುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 74ನೇ ಕಲಂ ಮಾನಭಂಗದ ಉದ್ದೇಶದಿಂದ ಮೈಮೇಲೆ ಕೈ ಮಾಡುವುದಕ್ಕೆ. ಒಂದರಿಂದ ಐದು ವರ್ಷದವರೆಗೆ ಶಿಕ್ಷೆ. 75 ಲೈಂಗಿಕ ಕಿರುಕುಳಕ್ಕೆ, 78 ಬೇಡವೆಂದರೂ ಹಿಂಬಾಲಿಸುವುದಕ್ಕೆ, 79 ಅವಮಾನ ಮಾಡುವ ಮಾತು ಸನ್ನೆಗಳಿಗೆ. ನಮ್ಮ ಹುಡುಗಿಗೆ ಹದಿನೆಂಟು ಆಗಿಲ್ಲವಾದ್ದರಿಂದ 2012ರ ಪೋಕ್ಸೋ ಕಾಯ್ದೆಯೂ ಬರುತ್ತದೆ; ಮಗುವನ್ನು ಕೆಟ್ಟ ಉದ್ದೇಶದಿಂದ ಮತ್ತೆ ಮತ್ತೆ ಹಿಂಬಾಲಿಸುವುದೇ ಅದರಲ್ಲಿ ಅಪರಾಧ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಎಂದು ವಾಪಸು ಕಳಿಸುವಂತಿಲ್ಲ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತುರ್ತಿಗೆ 112. ಬಸ್ಸಿನದಾದರೆ ಇನ್ನೊಂದು ಮಾತು ನೆನಪಿಡಿ: 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಬಸ್ಸಿನೊಳಗೆ ಹೆಣ್ಣು ದೂರಿದರೆ ಚಾಲಕ ಮತ್ತು ನಿರ್ವಾಹಕರು ಬಸ್ಸನ್ನು ಹತ್ತಿರದ ಠಾಣೆಗೆ ಒಯ್ಯಬೇಕು ಎಂದು ಹೇಳಿದೆ. 1986ರಲ್ಲಿ ನನಗೆ ಅಂಥದ್ದೊಂದು ತಿಳಿದಿದ್ದರೆ ಹೊಡೆಯುವ ಬದಲು ಬಸ್ಸು ನಿಲ್ಲಿಸಿ ಎನ್ನುತ್ತಿದ್ದೆನೋ ಏನೋ. ಆ ಹೂವಿನ ಹೆಂಗಸಿಗೂ ಆಗ ಮಾತಾಡಲು ಒಂದು ಜಾಗ ಸಿಗುತ್ತಿತ್ತು.

ದೂರು ಬರೆಯುವಾಗ “ಆ ಜನದ ಹುಡುಗರು” ಎಂದು ಬರೆಸಬೇಡಿ. ಹಾಗೆ ಬರೆದರೆ ಪೊಲೀಸರು ಕೋಣೆಗಳಿಗೆ ಹೋಗಿ ನಾಲ್ಕು ಜನರನ್ನು ಎಳೆದು ತರುತ್ತಾರೆ, ನಿಮಗೆ ಸಮಾಧಾನವೂ ಆಗುತ್ತದೆ, ಬೈಕಿನವನು ಮರುದಿನ ಅದೇ ತಿರುವಿನಲ್ಲಿ ಇರುತ್ತಾನೆ. ದಿನ, ಹೊತ್ತು, ಜಾಗ, ಬೈಕು, ಆಡಿದ ಮಾತು, ಕಂಡವರ ಹೆಸರು. ಇಷ್ಟು ಸಾಕು. ಹುಡುಗಿ ಇದೆಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆಗಲೇ ಬರೆದಿಟ್ಟಿದ್ದಾಳೆ. ನಮಗಿಂತ ಮುಂದಿದ್ದಾಳೆ.

ಠರಾವು ಬರೆಯಬೇಡಿ ಎಂದು ಹೊರಗಿನಿಂದ ಬಂದ ನಾನು ಹೇಳುವುದು ಸರಿಯಲ್ಲ, ಪುಸ್ತಕ ನಿಮ್ಮದು. ಆದರೆ ಬರೆಯುವ ಮುಂಚೆ ಆ ಕೋಣೆಗಳ ಹುಡುಗರಲ್ಲಿ ಒಬ್ಬನನ್ನಾದರೂ ಕರೆದು ಮಾತಾಡಿಸಿ. ಬೆಳಗ್ಗೆ ಅವರೂ ಅದೇ ತಿರುವಿನಲ್ಲಿ ಕೆಲಸಕ್ಕೆ ಕಾಯುತ್ತಾರಂತೆ. ಬೈಕನ್ನು ಕಂಡ ಸಾಕ್ಷಿಗಳು ಅವರೇ ಇರಬಹುದು.

ಕಾಲೇಜಿಗೆ ಹಾಜರಾತಿಯ ವಿಷಯ ಮಾತಾಡಲು ನಾನು ಸೋಮವಾರ ಅವಳ ಅಮ್ಮನ ಜೊತೆ ಹೋಗುತ್ತೇನೆ, ಇನ್ನೂ ಕಾಲ ಮಿಂಚಿಲ್ಲ. ಠಾಣೆಗೆ ಅವಳ ಅಮ್ಮ ಒಬ್ಬರೇ ಹೋಗುವುದು ಬೇಡ, ನಿಮ್ಮಲ್ಲಿ ನಾಲ್ಕು ಜನ ಬೇಕು. ಬೆಳಗ್ಗೆ ಎಂಟೂವರೆಗೆ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆಯಲು ಹಾಲಿನ ಅಂಗಡಿಯ ಅಮ್ಮ ಒಪ್ಪಿದ್ದಾರೆ. ಸಂಜೆಗೆ ಇನ್ನೂ ಯಾರೂ ಹೇಳಿಲ್ಲ.

ನನ್ನ ಮಾತು ಮುಗಿಯಿತು. ಸಂಜೆ ನಾಲ್ಕೂವರೆಗೆ ಯಾರು ಹೋಗುತ್ತೀರಿ, ಹೇಳಿ.